ಟ್ರಮಡಾಲ್ ಮಾತ್ರೆ ನುಂಗಿ ರಾತ್ರಿ ಬೈಕ್ ಓಡಿಸಬಹುದಾ?

ಹಲ್ಲು ಕೀಳಿಸಿದ್ದಕ್ಕೆ ಟ್ರಮಡಾಲ್, ಪ್ಯಾರಾಸಿಟಮಾಲ್ ಸೇರಿದ ಮಾತ್ರೆ ಕೊಟ್ಟಿದ್ದಾರೆ, ಊಟ ಮಾಡಿ ಅದನ್ನು ನುಂಗಿ ರಾತ್ರಿ ಪಾಳಿಗೆ ಬೈಕಿನಲ್ಲಿ ಹೋಗಬಹುದಾ, ನನಗೇನೂ ಮಂಪರು ಬರ್ತಿಲ್ಲ ಎಂದು ಕೇಳಿದ್ದೀರಿ. ದಯವಿಟ್ಟು ಹೋಗಬೇಡಿ. ನಾನು ಫಾರ್ಮಸಿಸ್ಟ್. ಈ ಮಾತ್ರೆ ಕೊಡುವಾಗ ಎಲ್ಲರಿಗೂ ಇದನ್ನೇ ಹೇಳುತ್ತೇನೆ.

ಮಂಪರು ಬಂದಿಲ್ಲ ಅಂದರೆ ಎಲ್ಲ ಸರಿಯಿದೆ ಅಂತಲ್ಲ. ಟ್ರಮಡಾಲ್ ನುಂಗಿದ ಸುಮಾರು 2 ಗಂಟೆಗೆ ರಕ್ತದಲ್ಲಿ ಅದರ ಮಟ್ಟ ಏರಿರುತ್ತದೆ. ಅಷ್ಟರಲ್ಲಿ ನೀವು ರಸ್ತೆಯಲ್ಲಿರುತ್ತೀರಿ. ಅರ್ಧ ಮದ್ದು ಮೈಯಿಂದ ಹೋಗಲು ಇನ್ನೂ ಸುಮಾರು 6 ಗಂಟೆ ಬೇಕು. ಮಲಗಿದ್ದಾಗ ಏನೂ ಅನಿಸದವರಿಗೆ ಎದ್ದು ಓಡಾಡುವಾಗ ತಲೆ ಸುತ್ತಿ ವಾಕರಿಕೆ ಬರುವುದುಂಟು. ಕಿವಿಯೊಳಗಿನ ಸಮತೋಲನದ ಅಂಗವನ್ನು ಟ್ರಮಡಾಲ್‌ನಂಥ ಮದ್ದುಗಳು ಕೆಣಕುತ್ತವೆ.

ಕಣ್ಣಿನ ವಿಷಯ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಟ್ರಮಡಾಲ್ ಮಾರ್ಫಿನ್ ಜಾತಿಯ ನೋವಿನ ಮದ್ದು, ಈ ಜಾತಿಯ ಮದ್ದುಗಳು ಕಣ್ಣಿನ ಪಾಪೆಯನ್ನು ಕುಗ್ಗಿಸುತ್ತವೆ. ಕತ್ತಲಲ್ಲಿ ಪಾಪೆ ಅಗಲವಾಗಬೇಕು, ಅಲ್ವಾ? ಅದು ಚಿಕ್ಕದಾಗಿಯೇ ಉಳಿದರೆ ಒಳಗೆ ಬೆಳಕು ಕಡಿಮೆ ಹೋಗುತ್ತದೆ. ಬೀದಿದೀಪ ಇಲ್ಲದ ಕಡೆ ಗುಂಡಿ, ಹಂಪು ತಡವಾಗಿ ಕಾಣುತ್ತವೆ. ಟ್ರಮಡಾಲ್‌ನಲ್ಲಿ ಇದು ಮಾರ್ಫಿನ್‌ನಷ್ಟು ಜೋರಿಲ್ಲ, ಎಲ್ಲರಿಗೂ ಒಂದೇ ಥರವೂ ಅಲ್ಲ. ಟ್ರಮಡಾಲ್ ಅನ್ನು ಲಿವರ್ ಇನ್ನೊಂದು ಬಲವಾದ ಮದ್ದಾಗಿ ಬದಲಿಸುತ್ತದೆ. ಆ ವೇಗ ಹುಟ್ಟಿನಿಂದಲೇ ಒಬ್ಬೊಬ್ಬರಿಗೆ ಒಂದೊಂದು. ಹಾಗಾಗಿ ಗೆಳೆಯನಿಗೆ ಏನೂ ಆಗಲಿಲ್ಲ ಅನ್ನುವುದನ್ನು ನಂಬಿಕೊಳ್ಳಬೇಡಿ.

ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಝ್ಯಾಕ್ನಿ ಮತ್ತು ಜೊತೆಯವರು ಆರೋಗ್ಯವಂತ ಜನರಿಗೇ ಇಂಥ ನೋವಿನ ಮದ್ದು ಕೊಟ್ಟು ಪರೀಕ್ಷೆ ಮಾಡಿದ್ದಾರೆ. ಅಂಕಿಗೆ ತಕ್ಕ ಗುರುತನ್ನು ಬೇಗ ಬರೆಯುವುದು, ಕಣ್ಣು ಕೈ ಹೊಂದಿಸುವುದು, ಎರಡೂ ಕಣ್ಣು ನೆಟ್ಟಗೆ ನಿಲ್ಲುತ್ತವೆಯೇ ಎಂದು ಅಳೆಯುವುದು, ಹೀಗೆ. ಇವು ಎಷ್ಟು ಕೆಡುತ್ತವೆ ಅನ್ನುವುದು ಮದ್ದು, ಡೋಸ್ ನೋಡಿಕೊಂಡು ಬದಲಾಗುತ್ತದೆ. ಕ್ಯಾನ್ಸರ್ ನೋವಿಗೆ ತಿಂಗಳುಗಟ್ಟಲೆ ಒಂದೇ ಡೋಸ್ ತೆಗೆದುಕೊಳ್ಳುವವರ ಮೈ ಅದಕ್ಕೆ ಸಾಕಷ್ಟು ಹೊಂದಿಕೊಂಡಿರುತ್ತದೆ. ನಿಮ್ಮದು ಈಗಷ್ಟೇ ಶುರುವಾಗಿದೆ.

ಜೊತೆಗೆ ಶೀತಕ್ಕೆ ಸೆಟಿರಿಜಿನ್, ನಿದ್ದೆ ಮಾತ್ರೆ, ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಏನಾದರೂ ಇದ್ದರೆ ಮಂಪರು ಜಾಸ್ತಿಯಾಗುತ್ತದೆ. ಕುಡಿಯುವುದಂತೂ ಬೇಡವೇ ಬೇಡ, ಉಸಿರೇ ನಿಧಾನವಾಗಬಹುದು. 1988ರ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಮದ್ಯಕ್ಕೆ ಮಾತ್ರವಲ್ಲ, ಹಿಡಿತ ತಪ್ಪಿಸುವ ಔಷಧಕ್ಕೂ ಅನ್ವಯಿಸುತ್ತದೆ.

ಇವತ್ತೇ ಡೆಂಟಿಸ್ಟ್‌ಗೆ ಫೋನ್ ಮಾಡಿ, ರಾತ್ರಿ ಗಾಡಿ ಓಡಿಸುವ ಕೆಲಸ ಇದೆ ಎಂದು ಹೇಳಿ. ಹಲ್ಲಿನ ನೋವು ಎಷ್ಟೋ ಜನರಿಗೆ ಬರೀ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಲ್ಲೇ ಹಿಡಿತಕ್ಕೆ ಬರುತ್ತದೆ. ನಿಮಗೆ ಅವು ಆಗುತ್ತವೆಯೇ ಎಂದು ಅವರೇ ಹೇಳುತ್ತಾರೆ. ಅಲ್ಲಿಯವರೆಗೆ ಬಸ್ಸಿನಲ್ಲಿ ಹೋಗಿ, ಇಲ್ಲವೇ ಯಾರಿಗಾದರೂ ಬಿಟ್ಟುಬರಲು ಹೇಳಿ.