ಕೊಲ್ಹಾರ ಸೇತುವೆಯಿಂದ ಶುರು ಮಾಡಿ

ಬೀಳಗಿಯ ಗೆಳೆಯರಿಗೆ ನಮಸ್ಕಾರ.

ನೀವು ಕಳಿಸಿದ 'ಸಣ್ಣ ಕಾರಿನ ದೊಡ್ಡ ಹೃದಯ' ಲೇಖನ ಬಂತು. ಮಾರುತಿ 800ರ ಪೆಟ್ರೋಲ್ ಇಂಜಿನ್, ಅದರ ಅಳತೆಗಳು, ಅದಕ್ಕೆ ಬರುವ ರೋಗಗಳು. ಒಟ್ಟು ಹತ್ತು ಪುಟ, ಕೈಬರಹ. ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. 'ಸ್ಥಳಾಭಾವ' ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಿಮ್ಮ ಐದನೇ ಪುಟ ಸುಮ್ನೆ ಇರಲು ಬಿಡಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಸ್ವಲ್ಪ ಖಾರ ಅನ್ನಿಸಿದರೆ ಸಹಿಸಿಕೊಳ್ಳಿ.

ಮೊದಲ ನಾಲ್ಕು ಪುಟ ನಿಮ್ಮದಲ್ಲ. ಕಾರಿನ ಜೊತೆ ಕೊಡುವ ಪುಸ್ತಕದ್ದು. 796 ಸಿಸಿ, ಮೂರು ಸಿಲಿಂಡರ್, ಬೋರ್ 68.5 ಎಂಎಂ, ಸ್ಟ್ರೋಕ್ 72 ಎಂಎಂ, 5000 ಆರ್‌ಪಿಎಂನಲ್ಲಿ 37 ಬಿಎಚ್‌ಪಿ (ಕುದುರೆ ಶಕ್ತಿ), 2500ರಲ್ಲಿ 59 ನ್ಯೂಟನ್ ಮೀಟರ್ ಟಾರ್ಕ್. ಲೆಕ್ಕ ಸರಿಯಿದೆ, ತಕರಾರಿಲ್ಲ. ಆದರೆ ಕಿರಾಣಿ ಚೀಟಿಯಂತೆ ಒಂದರ ಕೆಳಗೊಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಮ್ಮ ಓದುಗರಲ್ಲಿ ಮೇಷ್ಟ್ರು ಇದ್ದಾರೆ, ದ್ರಾಕ್ಷಿ ಬೆಳೆಯುವವರಿದ್ದಾರೆ. ವಿಜಯಪುರದಲ್ಲಿ ಬೋರ್ ಅಂದರೆ ಜನರ ಕಣ್ಣ ಮುಂದೆ ಬರುವುದು ಹೊಲದಲ್ಲಿ ಕೊರೆಸಿದ ಬೋರು, ಇಂಜಿನ್ನಿನದಲ್ಲ. ಒಂದೇ ಒಂದು ಸಾಲು ಸೇರಿಸಬಹುದಿತ್ತು: ಪಿಸ್ಟನ್ ಓಡಾಡುವ ಕೊಳವೆಯ ಅಗಲ ಬೋರ್, ಅದು ಮೇಲಿಂದ ಕೆಳಕ್ಕೆ ಓಡುವ ದೂರ ಸ್ಟ್ರೋಕ್. ಈ ಎರಡನ್ನಿಟ್ಟು ಲೆಕ್ಕ ಹಾಕಿದರೆ ಒಂದು ಸಿಲಿಂಡರಿಗೆ ಸುಮಾರು 265 ಸಿಸಿ. ಅಂಥ ಮೂರು ಸೇರಿದರೆ 796. ಒಂದು ಸಿಲಿಂಡರಿನಲ್ಲಿ ಹಿಡಿಯುವುದು ದೊಡ್ಡ ಲೋಟ ಮಜ್ಜಿಗೆಯಷ್ಟೇ ಜಾಗ. ಇಷ್ಟು ಹೇಳಿದ್ದರೆ ನನ್ನ ಹೆಂಡತಿಯೂ ಮುಂದಿನ ಪುಟ ತಿರುವುತ್ತಿದ್ದಳು.

ಇನ್ನೊಂದು ಸಾಲು ನಿಮ್ಮದು: "ಮೂವತ್ತೇಳು ಕುದುರೆಗಳು ಒಮ್ಮೆಲೇ ಹೂಂಕರಿಸಿ ಮುನ್ನುಗ್ಗಿದಂತೆ!" ಯಾವ ಕುದುರೆ, ಯಾವಾಗ? ಆ 37 ಸಿಗುವುದು ಇಂಜಿನ್ನು ನಿಮಿಷಕ್ಕೆ 5000 ಸುತ್ತು ಹೊಡೆಯುವಾಗ ಮಾತ್ರ. ಊರೊಳಗೆ ಅಷ್ಟು ರೇಸ್ ಯಾರು ಕೊಡುತ್ತಾರೆ? ಹೇಳಬೇಕಾಗಿದ್ದದ್ದು ಪಕ್ಕದ ಅಂಕಿ. ಟಾರ್ಕ್, ಅಂದರೆ ಎಳೆತ, 2500ಕ್ಕೇ ಪೂರ್ತಿ ಸಿಗುತ್ತದೆ. ಕಾರಿನ ತೂಕ 650 ಕೆಜಿ ಆಸುಪಾಸು. ಹಾಗಾಗಿಯೇ ನಾಲ್ಕೇ ಗೇರಿನ ಈ ಸಣ್ಣ ಕಾರು ಐದು ಜನ, ಒಂದು ಚೀಲ ಜೋಳ ಹೇರಿಕೊಂಡೂ ಜಾಸ್ತಿ ಗದ್ದಲ ಮಾಡದೆ ಎಳೆಯುತ್ತಿತ್ತು. ಈ ಎಳೆತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬರೆಯುವಾಗ ಮಾತ್ರ ಕುದುರೆ ಯಾಕೆ ಬಂತೋ.

ಈಗ ಐದನೇ ಪುಟಕ್ಕೆ ಬರೋಣ. ಆ ಹಾಳೆಯ ಮೂಲೆಯಲ್ಲಿ ಗ್ರೀಸ್ ಹತ್ತಿದ ಹೆಬ್ಬೆರಳಿನ ಗುರುತಿದೆ, ನೋಡಿದ್ದೀರೋ ಇಲ್ಲವೋ. ಮೇ ತಿಂಗಳು, ಮಧ್ಯಾಹ್ನ. ನೀವು, ನಿಮ್ಮ ಕಾಕಾ ವಿಜಯಪುರಕ್ಕೆ ಹೊರಟಿದ್ದೀರಿ. ಕೊರ್ತಿ-ಕೊಲ್ಹಾರ ಸೇತುವೆ ಮುಗಿಯುವ ಹೊತ್ತಿಗೆ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿದೆ. ಬಾನೆಟ್ ಎತ್ತಿದರೆ ಬುಸ್ ಅಂತ ಹಬೆ. ಕಾಕಾ ಟವೆಲ್ ಕೈಗೆ ಸುತ್ತಿಕೊಂಡು, ಇಂಜಿನ್ನಿನ ನೀರು ತಣಿಸುವ ರೇಡಿಯೇಟರಿನ ಮುಚ್ಚಳ ತಿರುವಲು ಹೋಗಿದ್ದಾರೆ. ಆಗ ರಸ್ತೆ ಬದಿ ಗಡಿಗೆ ಮೊಸರು ಇಟ್ಟುಕೊಂಡು ಕೂತಿದ್ದ ಅಜ್ಜಿ ಕೂಗಿದ್ದಾಳೆ: "ಏ ಯಪ್ಪಾ, ಮುಟ್ಟಬ್ಯಾಡ್ರಿ ಅದನ್ನ, ಮಾರಿ ಸುಟ್ಟೀತು!" ಹೋದ ವರ್ಷ ಅವಳ ಮಗ ಹಾಗೇ ಸುಟ್ಟುಕೊಂಡಿದ್ದನಂತೆ. ಇಷ್ಟನ್ನು ನೀವು ಎಂಟು ಸಾಲಿನಲ್ಲಿ ಮುಗಿಸಿದ್ದೀರಿ. ಹತ್ತು ಪುಟದಲ್ಲಿ ಬದುಕಿರುವುದು ಈ ಎಂಟು ಸಾಲು.

ಲೇಖನ ಇಲ್ಲಿಂದ ಶುರುವಾಗಬೇಕು. ಅಂಕಿಗಳು ಬೇಡ ಅನ್ನುತ್ತಿಲ್ಲ. ಕಾರು ಎಲ್ಲಿ ಕೈ ಕೊಟ್ಟಿತೋ ಅಲ್ಲಿ ಯಾವ ಅಂಕಿ ಬೇಕೋ ಅದನ್ನು ತನ್ನಿ. ಅಜ್ಜಿ ಹೇಳಿದ್ದು ಯಾಕೆ ಸರಿ? ರೇಡಿಯೇಟರ್ ಒಳಗಿನ ನೀರು ಒತ್ತಡದಲ್ಲಿರುತ್ತದೆ. ಹಾಗಾಗಿ 100 ಡಿಗ್ರಿ ದಾಟಿದರೂ ಕುದಿಯದೆ ಇರಬಲ್ಲದು. ಮುಚ್ಚಳ ತೆಗೆದರೆ ಒತ್ತಡ ಇಳಿದು ನೀರು ಒಮ್ಮೆಗೇ ಕುದಿದೆದ್ದು ಹಬೆಯ ಜೊತೆ ಮುಖಕ್ಕೆ ಹೊಡೆಯುತ್ತದೆ. ನಿಮ್ಮ ಒತ್ತಡದ ಪಾಠ ಮೂರನೇ ಪುಟದಲ್ಲಿ ಒಣಗುತ್ತಿದೆ. ಅದನ್ನು ಕಿತ್ತು ಅಜ್ಜಿಯ ಮಾತಿನ ಪಕ್ಕಕ್ಕೆ ಇಡಿ. ಕಾಕಾ ಆ ಬಿಸಿಗೆ ಕೊಡ ತಣ್ಣೀರು ಸುರಿಯಲು ಹೊರಟಿದ್ದನ್ನೂ ಬರೆದಿದ್ದೀರಿ. ಅಲ್ಯೂಮಿನಿಯಂ ಹೆಡ್ಡು ಅದು, ಸಿಲಿಂಡರುಗಳ ಮೇಲಿನ ಮುಚ್ಚಳ. ಕಾದಾಗ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಹೋಗಿ ನೀರು ಆಯಿಲ್ಲಿಗೆ ಸೇರಿದರೆ ಆಯಿಲ್ ಮುಚ್ಚಳದ ಒಳಗೆ ಮೊಸರಿನ ಕೆನೆಯಂಥ ಬಿಳಿ ಪದರ ಕಟ್ಟುತ್ತದೆ. ಕೊಲ್ಹಾರದ ಮೊಸರು ಪಕ್ಕದಲ್ಲೇ ಇತ್ತಲ್ಲ, ಮಾರಾಯರೇ!

ಇಲ್ಲೇ ನನ್ನ ದೊಡ್ಡ ಜಗಳವಿದೆ. "ಫ್ಯಾನ್ ಕೆಟ್ಟಿದ್ದರಿಂದ ಇಂಜಿನ್ ಕಾದಿತು" ಅಂತ ಬರೆದಿದ್ದೀರಿ. ಹೌದಾ? ಆ ಫ್ಯಾನ್ ಕರೆಂಟಿನದು. ಕಾರು ನಿಂತಾಗ, ನಿಧಾನವಾಗಿ ಹೋಗುವಾಗ ಅದರ ಕೆಲಸ. 60ರಲ್ಲಿ ಓಡುವ ಕಾರಿಗೆ ಎದುರು ಗಾಳಿಯೇ ಫ್ಯಾನ್. ಫ್ಯಾನ್ ಒಂದೇ ಕೆಟ್ಟಿದ್ದರೆ ಕಾರು ಕಾಯುತ್ತಿದ್ದದ್ದು ವಿಜಯಪುರದ ಗಾಂಧಿ ಚೌಕದ ಗದ್ದಲದಲ್ಲಿ, ಬಯಲಿನ ಸೇತುವೆ ಮೇಲಲ್ಲ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡಿದ್ದರೇನೋ ಅಂದುಕೊಂಡೆ. ಆದರೆ ಮೇ ತಿಂಗಳಲ್ಲಿ ಕಬ್ಬಿನ ಸೀಸನ್ ಎಲ್ಲಿದೆ? ಓಡುವಾಗಲೇ ಕಾದಿತು ಅಂದರೆ ನೀರು ತಿರುಗುತ್ತಿಲ್ಲ ಅಂತ ಮೊದಲು ಅನುಮಾನ ಪಡಬೇಕು. ನೀರು ಸೋರಿರಬೇಕು, ನೀರಿನ ದಾರಿ ತೆರೆಯುವ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇರಬೇಕು, ವಾಟರ್ ಪಂಪ್ ಹೋಗಿರಬೇಕು, ಇಲ್ಲವೇ ರೇಡಿಯೇಟರ್ ಕಟ್ಟಿಕೊಂಡಿರಬೇಕು.

ಉತ್ತರ ನಿಮ್ಮ ಹತ್ತಿರವೇ ಇದೆ! ಏಳನೇ ಪುಟದಲ್ಲಿ, ಟೈರಿನ ಗಾಳಿಯ ಮಾತಿನ ನಡುವೆ, "ನಂತರ ಮಿಸ್ತ್ರಿ ರೇಡಿಯೇಟರ್ ಬಿಚ್ಚಿದಾಗ ಒಳಗೆ ಸುಣ್ಣದಂತೆ ಬಿಳಿ ಕಟ್ಟಿತ್ತು" ಅಂತ ಒಂದು ಸಾಲು ಬರುತ್ತದೆ. ಅದು ಬೋರಿನ ಗಡಸು ನೀರು. ಕಾಕಾ ವರ್ಷಗಟ್ಟಲೆ ರೇಡಿಯೇಟರಿಗೆಂದೇ ಸಿಗುವ ಕೂಲಂಟ್ ದ್ರವದ ಬದಲು ಹೊಲದ ಬೋರಿನ ನೀರು ತುಂಬಿದ್ದಾರೆ. ನಮ್ಮ ಮನೆಯ ಸ್ನಾನದ ಹಂಡೆಯಲ್ಲಿ ಕಟ್ಟುವ ಬಿಳಿಯೇ ಅದು. ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಕಟ್ಟಿದರೆ ಫ್ಯಾನ್ ಹೊಸದು ಹಾಕಿದರೂ ಉಪಯೋಗವಿಲ್ಲ. ಫ್ಯಾನಿನ ಸಾಲು, ಈ ಸುಣ್ಣದ ಸಾಲು ಒಂದನ್ನೊಂದು ನೋಡಿಯೇ ಇಲ್ಲ. ಹೊಲದ ಬೋರಿನ ನೀರು ಇಂಜಿನ್ನಿನ ಬೋರಿಗೆ ಏನು ಮಾಡಿತು ಅನ್ನುವುದೇ ನಿಮ್ಮ ಲೇಖನ. ಉಳಿದದ್ದೆಲ್ಲ ಅದಕ್ಕೆ ಬೇಕಾದಷ್ಟು ಬರಲಿ.

ಎಂಟನೇ ಪುಟದ ಸಲಹೆಯನ್ನು ಮಾತ್ರ ನಾನು ಯಾವ ಕಾರಣಕ್ಕೂ ಹಾಕುವುದಿಲ್ಲ. "ನಮ್ಮ ಬಿಸಿಲು ನಾಡಿಗೆ ಥರ್ಮೋಸ್ಟಾಟ್ ಬೇಡ, ತೆಗೆಸಿಬಿಡಿ." ನಮ್ಮ ಕಡೆ ಹೀಗೆ ಮಾಡುವ ಮಿಸ್ತ್ರಿಗಳು ಬಹಳ, ಒಪ್ಪುತ್ತೇನೆ. ಆದರೆ ಥರ್ಮೋಸ್ಟಾಟ್ ಇರುವುದು ನೀರು ಸುಮಾರು 80 ಡಿಗ್ರಿ ದಾಟುವವರೆಗೂ ರೇಡಿಯೇಟರಿನ ದಾರಿ ಮುಚ್ಚಿಟ್ಟು ಇಂಜಿನ್ನನ್ನು ಬೇಗ ಬೆಚ್ಚಗೆ ಮಾಡಲು. ತೆಗೆದರೆ ಇಂಜಿನ್ ಅರೆಬಿಸಿಯಲ್ಲೇ ಓಡುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ಲಿನೊಳಗಿನ ತೇವ ಆರುವುದಿಲ್ಲ. ಡಿಸೆಂಬರ್ ಬೆಳಗಿನಲ್ಲಿ ವಿಜಯಪುರದ ಚಳಿ ನಿಮಗೆ ಗೊತ್ತಿಲ್ಲವಾ?

ಸಣ್ಣಪುಟ್ಟ ತಪ್ಪುಗಳು. 800ಕ್ಕೆ ಟೈಮಿಂಗ್ ಚೈನ್ (ಇಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವುದು) ಅಂದಿದ್ದೀರಿ. ಅದಕ್ಕಿರುವುದು ಬೆಲ್ಟ್. ಚೈನ್ ಬಂದದ್ದು ಆಲ್ಟೋ ಕೆ10ರ 998 ಸಿಸಿ ಇಂಜಿನ್ನಿಗೆ. 800 ಶುರುವಾದದ್ದು 1983ರ ಡಿಸೆಂಬರಿನಲ್ಲಿ, ನಿಂತದ್ದು 2014ರ ಜನವರಿಯಲ್ಲಿ. ನೀವು ಎರಡನ್ನೂ ಒಂದೊಂದು ವರ್ಷ ಮುಂದಕ್ಕೆ ತಳ್ಳಿದ್ದೀರಿ. "ಹೊಗೆ ಬಂದರೆ ಇಂಜಿನ್ ಕೆಟ್ಟಿದೆ" ಅಂದರೆ ಸಾಲದು. ಕಪ್ಪು ಹೊಗೆಯಾದರೆ ಪೆಟ್ರೋಲ್ ಜಾಸ್ತಿ, ನೀಲಿಯಾದರೆ ಆಯಿಲ್ ಸುಡುತ್ತಿದೆ, ನಿಲ್ಲದ ಬಿಳಿಯಾದರೆ ನೀರು ಒಳಗೆ ಹೋಗುತ್ತಿದೆ.

ನಿಂತಲ್ಲೇ ನಡುಗುವುದನ್ನೂ ರೋಗದ ಪಟ್ಟಿಗೆ ಸೇರಿಸಿದ್ದೀರಿ. ಸ್ವಲ್ಪ ನಡುಗುವುದು ಮೂರು ಸಿಲಿಂಡರಿನ ಹುಟ್ಟುಗುಣ. ಪಿಸ್ಟನ್ನುಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ಎರಡು ಸುತ್ತು ಬರುವಷ್ಟರಲ್ಲಿ ಇದರಲ್ಲಿ ಮೂರೇ ಸಲ ಬೆಂಕಿ ಹತ್ತುತ್ತದೆ, ನಾಲ್ಕು ಸಿಲಿಂಡರಿನಲ್ಲಿ ನಾಲ್ಕು ಸಲ. ನಡುಕ ದಿನೇದಿನೇ ಹೆಚ್ಚಾದರೆ ಮಾತ್ರ ಇಂಜಿನ್ ಮೌಂಟಿಂಗಿನ ರಬ್ಬರ್ ನೋಡಬೇಕು, ಅಥವಾ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದೆಯಾ, ಅಂದರೆ ಅದರಲ್ಲಿ ಬೆಂಕಿ ಹತ್ತುತ್ತಿಲ್ಲವಾ ಅಂತ ನೋಡಬೇಕು.

ಮಿಸ್ ಅಂದಕೂಡಲೇ ನನ್ನದೊಂದು ಕಥೆ. ಬೆಳಗಾವಿಯಲ್ಲಿದ್ದಾಗ ನನ್ನ ಹತ್ತಿರ ಒಂದು ಹಳೆಯ ಕಾರ್ಬುರೇಟರ್ ಕಾರಿತ್ತು. ಜುಲೈ ಮಳೆ ಶುರುವಾದರೆ ಸಾಕು, ಮುಂಜಾನೆ ಸ್ಟಾರ್ಟ್ ಆಗುತ್ತಿರಲಿಲ್ಲ. ಸ್ಟಾರ್ಟ್ ಆದರೂ ಮೂರು ಸಿಲಿಂಡರಿನಲ್ಲಿ ಎರಡೇ ಕೆಲಸ ಮಾಡಿದಂತೆ ಢಬ್ ಢಬ್. ಒಂದು ಗ್ಯಾರೇಜಿನವರು ಕಿವಿಗೊಟ್ಟು ಕೇಳಿ "ಇಂಜಿನ್ ಬೋರಿಗೆ ಬಂದೈತ್ರಿ" ಅಂದರು. ಅಂದರೆ ಇಂಜಿನ್ ಬಿಚ್ಚಿ ಸಿಲಿಂಡರ್ ಕೊರೆಸಬೇಕು. ಎಸ್ಟಿಮೇಟ್ ನೋಡಿ ನನಗೇ ಸ್ಟಾರ್ಟಿಂಗ್ ಟ್ರಬಲ್ ಬಂತು. ಆಮೇಲೆ ಟಿಳಕವಾಡಿಯ ಒಬ್ಬ ವಯಸ್ಸಾದ ಮಿಸ್ತ್ರಿ "ರಾತ್ರಿ ತರ್ರಿ" ಅಂದರು. ತಂದೆ. ದೀಪ ಆರಿಸಿ, ಬಾನೆಟ್ ಎತ್ತಿ, ಇಂಜಿನ್ ಚಾಲೂ ಇಟ್ಟು ನೋಡಿ ಅಂದರು. ಸಿಲಿಂಡರಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಗೆ ಹೋಗುವ ವೈರುಗಳ ಮೇಲೆ ಕೂದಲೆಳೆಯಂಥ ನೀಲಿ ಕಿಡಿಗಳು ಚಿಟಿಚಿಟಿ ಅಂತ ಓಡುತ್ತಿದ್ದವು. ಪ್ಲಗ್ಗಿಗೆ ಸೇರಬೇಕಾದ ಕರೆಂಟು ಬಿರುಕು ಬಿಟ್ಟ ವೈರಿನಿಂದ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ತೇವ ಹಿಡಿದ ಮುಚ್ಚಳದಿಂದ ದಾರಿ ತಪ್ಪುತ್ತಿತ್ತು. ಹೊಸ ವೈರು, ಹೊಸ ಮುಚ್ಚಳ, ಅಷ್ಟೇ. ಬೋರಿನ ಕೆಲಸ ಬೇಕಾಗಲೇ ಇಲ್ಲ.

ಈ ರೋಗಕ್ಕೆ ನಿಮ್ಮ ಪಟ್ಟಿಯಲ್ಲಿ "ಇಗ್ನಿಷನ್ ದೋಷ" ಅಂತ ಎರಡು ಪದ ಇದೆ. ನೀವು ಗ್ಯಾರೇಜಿನಲ್ಲಿ ಬೆಳೆದವರು. ಆ ನೀಲಿ ಕಿಡಿ ಎಷ್ಟು ಸಲ ನೋಡಿದ್ದೀರೋ. ಅದನ್ನು ಬರೆಯಿರಿ.

ಇನ್ನೊಂದು. ಪೆಟ್ರೋಲ್ ಪೈಪುಗಳ ರಬ್ಬರ್ ಹಾಳಾಗುವುದಕ್ಕೆ "ಕಲಬೆರಕೆ ಪೆಟ್ರೋಲ್ ಕಾರಣ" ಅಂದು ಮುಗಿಸಿದ್ದೀರಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಅದು ಕಲಬೆರಕೆಯಲ್ಲ, ಸರ್ಕಾರವೇ ಬೆರೆಸಲು ಹೇಳಿದ್ದು. ಎಥನಾಲ್ ಎಲ್ಲಿಂದ ಬರುತ್ತದೆ? ಬೀಳಗಿ, ಮುಧೋಳ, ಜಮಖಂಡಿ ಸುತ್ತ ಬೆಳೆಯುವ ಕಬ್ಬಿನಿಂದಲೂ ಬರುತ್ತದೆ. ಹಳೆಯ ಕಾರಿನ ರಬ್ಬರ್, ಕಾರ್ಬುರೇಟರಿನ ಗ್ಯಾಸ್ಕೆಟ್ ಇದಕ್ಕಾಗಿ ಮಾಡಿದ್ದಲ್ಲ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ವಾರಗಟ್ಟಲೆ ನಿಂತ ಕಾರಿಗೆ ಇದು ಒಳ್ಳೆಯದಲ್ಲ. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ, ಹಾಗಾಗಿ ಆ್ಯವರೇಜ್ ಕೂಡ ಸ್ವಲ್ಪ ಇಳಿಯುತ್ತದೆ. ಕಾಕಾ ಕಬ್ಬು ಬೆಳೆಯುತ್ತಾರೆ ಅಂತ ನೀವೇ ಬರೆದಿದ್ದೀರಿ. ಅವರ ಹೊಲದ ಕಬ್ಬು ಫ್ಯಾಕ್ಟರಿಗೆ ಹೋಗಿ ಅವರ ಕಾರಿನ ಟ್ಯಾಂಕಿಗೇ ವಾಪಸ್ ಬಂದಿದ್ದರೂ ಬಂದಿರಬಹುದು. ಇದು ಬೇರೆಯೇ ಲೇಖನ, ಇದರಲ್ಲಿ ತುರುಕಬೇಡಿ. ಎರಡು ತಿಂಗಳು ಬಿಟ್ಟು ಕಳಿಸಿ.

ಸದ್ಯಕ್ಕೆ ಸೇತುವೆಯದ್ದು ಸಾಕು. ನಾಲ್ಕು ಪುಟ ಮೀರದಿರಲಿ. 'ಹೃದಯ' ಅನ್ನುವ ತಲೆಬರಹ ತೆಗೆಯಿರಿ, ಇಂಜಿನ್ ಬಗ್ಗೆ ಬರೆಯುವವರೆಲ್ಲ ಅದನ್ನೇ ಇಡುತ್ತಾರೆ. ಬಿಳಿ ಕಟ್ಟಿದ ಆ ಹಳೆಯ ರೇಡಿಯೇಟರ್ ಗುಜರಿಗೆ ಹೋಗಿರದಿದ್ದರೆ ಒಂದು ಫೋಟೋ ಕಳಿಸಿ. ಕಾರು ಅವತ್ತು ಮನೆಗೆ ಹೇಗೆ ಬಂತು ಅಂತ ಎಲ್ಲೂ ಹೇಳಿಲ್ಲ. ತಣ್ಣಗಾಗುವವರೆಗೆ ಕಾದಿರಾ, ಹಗ್ಗ ಕಟ್ಟಿ ಎಳೆಸಿದಿರಾ? ಕಾದಿದ್ದರೆ ಅಷ್ಟು ಹೊತ್ತು ಅಜ್ಜಿ ಜೊತೆ ಏನು ಮಾತಾಡಿದಿರಿ? ಮೊಸರಾದರೂ ತಗೊಂಡಿರೋ ಇಲ್ಲವೋ?

ನಿಮ್ಮ,
ಸಂಪಾದಕ