ಬೆಳಗಾವಿ ಕಡೆ ಹೆಸರು ಕೇಳುವುದು ಹೇಗೆ

ನಮ್ಮ ಕಡೆ ಹೆಸರು ಕೇಳುವಾಗ ಸ್ವಲ್ಪ ಬಿಡಿಸಿ ಕೇಳಬೇಕು. ಚಿಕ್ಕೋಡಿ, ನಿಪ್ಪಾಣಿಯಲ್ಲಿ ಸುಮ್ನೆ ‘ಹೆಸರೇನ್ರಿ’ ಅಂದರೆ ಎಷ್ಟೋ ಜನ ‘ಪಾಟೀಲ’ ಅಂತಷ್ಟೇ ಹೇಳುತ್ತಾರೆ. ಅದು ಅಡ್ಡಹೆಸರು. ಬೆಂಗಳೂರಿನವರಿಗೆ ಅಡ್ಡಹೆಸರು ಅಂದರೆ ಗೆಳೆಯರು ಚೇಷ್ಟೆಗೆ ಇಟ್ಟದ್ದು ಅಲ್ವಾ, ಇಲ್ಲಿ ಅದು ಮನೆತನದ ಹೆಸರು, ಮರಾಠಿಯವರು ಆಡನಾವ ಅನ್ನುತ್ತಾರೆ. ‘ಪೂರ್ತಿ ಹೆಸರು ಹೇಳ್ರಿ’ ಅನ್ನಿ. ಮೊದಲು ತಮ್ಮ ಹೆಸರು, ಆಮೇಲೆ ತಂದೆಯದು, ಕೊನೆಗೆ ಅಡ್ಡಹೆಸರು ಬರುತ್ತದೆ. 1956ರವರೆಗೆ ನಾವು ಮುಂಬೈ ರಾಜ್ಯದಲ್ಲಿದ್ದೆವು, ಆ ಪದ್ಧತಿ ಹಾಗೇ ಉಳಿದಿದೆ.

ಪಾಟೀಲ ಅಂದ ಮಾತ್ರಕ್ಕೆ ಯಾವ ಜನ ಅಂತ ತಿಳಿಯುವುದಿಲ್ಲ. ಅದು ಊರಗೌಡಿಕೆಯಿಂದ ಬಂದದ್ದು, ಲಿಂಗಾಯತರು, ಮರಾಠರು, ಜೈನರು, ಮುಸ್ಲಿಮರು ಎಲ್ಲರಲ್ಲೂ ಪಾಟೀಲರಿದ್ದಾರೆ. ಮಹಾಂತೇಶನೋ ಬಾಹುಬಲಿಯೋ ದಾವಲಸಾಬನೋ ಅಂತ ಕೇಳಿದ ಮೇಲೇ ಗೊತ್ತಾಗುವುದು.

ಆ ಮೊದಲ ಹೆಸರಿಗೂ ಒಂದೊಂದು ಮನೆಯಲ್ಲಿ ಒಂದೊಂದು ಮಾತು. ಜಾತಕ ಬರೆಸುವವರಲ್ಲಿ ನಕ್ಷತ್ರದ ಅಕ್ಷರ ನೋಡಿ ಇಡುವುದು ಜನ್ಮನಾಮ, ಅದು ಹೆಚ್ಚಾಗಿ ಜಾತಕದಲ್ಲೇ ಉಳಿಯುತ್ತದೆ. ತೊಟ್ಟಿಲಿಗೆ ಹಾಕಿದ ದಿನ ಇಟ್ಟದ್ದು ಕರೆಯೋ ಹೆಸರು. ಮುಸ್ಲಿಮರು ‘ನಾಮ್’ ಅನ್ನುತ್ತಾರೆ, ಏಳನೇ ದಿನ ಅಖೀಖಾ ಅನ್ನೋ ಶಾಸ್ತ್ರ ಮಾಡಿ ಇಡುವುದು ರೂಢಿ. ಖಾನಾಪುರ ಕಡೆಯ ಕೊಂಕಣಿ ಕ್ಯಾಥೊಲಿಕರಲ್ಲಿ ಬಾಪ್ತಿಸ್ಮದ ಹೆಸರು ಇರುತ್ತದೆ, ಸಾಮಾನ್ಯವಾಗಿ ಯಾರಾದರೂ ಸಂತರದ್ದು.

ಹೆಣ್ಣುಮಕ್ಕಳದ್ದು ಇನ್ನೂ ತೊಡಕು. ಬ್ರಾಹ್ಮಣರ, ಮರಾಠರ ಎಷ್ಟೋ ಮನೆಗಳಲ್ಲಿ ಮದುವೆ ದಿನ ತಾಟಿನಲ್ಲಿ ಅಕ್ಕಿ ಹರಡಿ, ಅದರ ಮೇಲೆ ಮದುಮಗ ಬಂಗಾರದ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಅಡ್ಡಹೆಸರಲ್ಲ, ಮೊದಲ ಹೆಸರೇ ಬದಲು. ಅಲ್ಲಿಂದ ತವರುಮನೆ ಹೆಸರು, ಗಂಡನ ಮನೆ ಹೆಸರು ಅಂತ ಎರಡಾಗುತ್ತವೆ. ಮಾರ್ಕ್ಸ್ ಕಾರ್ಡಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಇಬ್ಬರೂ ಒಬ್ಬಳೇ ಅಂತ ಅಫಿಡವಿಟ್ ಮಾಡಿಸಿಕೊಂಡು ಕಚೇರಿ ಅಲೆಯಬೇಕಾದವಳು ಆಕೆಯೇ. ಈಗ ಈ ಪದ್ಧತಿ ಕಮ್ಮಿಯಾಗಿದೆ, ಪೂರ್ತಿ ನಿಂತರೇ ಒಳ್ಳೆಯದು ಅಂತ ನನಗನಿಸುತ್ತದೆ. ಮಗಳಿಗೆ ಅಷ್ಟು ಅಕ್ಕರೆಯಿಂದ ಇಟ್ಟ ಹೆಸರನ್ನು ಇನ್ನೊಬ್ಬರು ತೆಗೆಯುವುದು ಯಾಕೆ?

ಹಾಗಾಗಿ ವಯಸ್ಸಾದ ಹೆಣ್ಣುಮಕ್ಕಳ ಅರ್ಜಿ ತುಂಬಿಸುವಾಗ ಆಧಾರ್ ಒಂದನ್ನೇ ನೋಡಿ ಬರೆದುಬಿಡಬೇಡಿ. ‘ಅಕ್ಕಾರ, ಸಾಲ್ಯಾಗ ಯಾವ ಹೆಸರಿತ್ರಿ?’ ಅಂತ ಶಾಲೆಯಲ್ಲಿದ್ದ ಹೆಸರನ್ನು ಮೊದಲೇ ಕೇಳಿಬಿಡಿ.