ಬಿಸಿಯಾದ ಭಾರದ ಅನಿಲ ಮೇಲೇರುತ್ತದೋ, ಕೆಳಗಿಳಿಯುತ್ತದೋ?

ಬಿಸಿ ಗಾಳಿ ಮೇಲೇರುತ್ತದೆ, ಕಾರ್ಬನ್ ಡೈಆಕ್ಸೈಡ್ ಭಾರವಾದ್ದರಿಂದ ಕೆಳಗಿಳಿಯುತ್ತದೆ, ಹಾಗಾದರೆ ಬಿಸಿ ಕಾರ್ಬನ್ ಡೈಆಕ್ಸೈಡ್ ಎತ್ತ ಹೋಗುತ್ತದೆ ಅಂತ ಕೇಳಿದ್ದೀರಿ. ಎಷ್ಟು ಬಿಸಿ ಅಂತ ಹೇಳಿದರೆ ಉತ್ತರ ಕೊಡಬಹುದು.

ಒತ್ತಡ ಒಂದೇ ಇದ್ದಾಗ, ಅಣುತೂಕವನ್ನು ಕೆಲ್ವಿನ್ ತಾಪಮಾನದಿಂದ (ಸೆಲ್ಸಿಯಸ್ ಡಿಗ್ರಿಗೆ 273 ಕೂಡಿಸಿದರೆ ಬರುವುದು) ಭಾಗಿಸಿ ನೋಡಿ. ಯಾವುದಕ್ಕೆ ಕಡಿಮೆ ಬರುತ್ತದೋ ಅದು ಮೇಲೆ. ಗಾಳಿಯ ಸರಾಸರಿ ಅಣುತೂಕ ಸುಮಾರು 29, ಕಾರ್ಬನ್ ಡೈಆಕ್ಸೈಡ್‌ನದು 44. ಸುತ್ತಲಿನ ಗಾಳಿ 27 ಡಿಗ್ರಿ, ಅಂದರೆ 300 ಕೆಲ್ವಿನ್ ಇದೆ ಅನ್ನಿ. 300 ಅನ್ನು 44ರಿಂದ ಗುಣಿಸಿ 29ರಿಂದ ಭಾಗಿಸಿದರೆ 455 ಕೆಲ್ವಿನ್. ಸುಮಾರು 182 ಡಿಗ್ರಿ ಆಯಿತು. ಅದಕ್ಕಿಂತ ಜಾಸ್ತಿ ಬಿಸಿ ಇದ್ದರೆ ಏರುತ್ತದೆ, ಕಡಿಮೆ ಇದ್ದರೆ ಇಳಿಯುತ್ತದೆ. ಎಲ್‌ಪಿಜಿ ಸೋರಿದಾಗ ಈ ಜಗಳವೇ ಇಲ್ಲ. ಪ್ರೊಪೇನ್ 44, ಬ್ಯೂಟೇನ್ 58, ಮೇಲಾಗಿ ತಣ್ಣಗೆ. ಸೀದಾ ನೆಲಕ್ಕೆ.

ಒಂದು ತಪ್ಪು ಕಲ್ಪನೆ ಬಹಳ ಓಡಾಡುತ್ತದೆ. ಗಾಳಿಯಲ್ಲಿ ಚೆನ್ನಾಗಿ ಬೆರೆತ ಮೇಲೂ ಭಾರದ ಅಣುಗಳು ಕೋಣೆಯ ತಳಕ್ಕೆ ಬಂದು ಕೂರುತ್ತವೆ ಅಂತ. ಕೂರುವುದಿಲ್ಲ. ಏರುವುದು, ಇಳಿಯುವುದು ಎಲ್ಲ ಮಿಶ್ರಣದ ಮುದ್ದೆಗಳು, ಬಿಡಿ ಅಣುಗಳಲ್ಲ.

ನನಗೆ ಇಷ್ಟವಾದದ್ದು ನೀರಾವಿಯ ಕಥೆ. ಅದರ ಅಣುತೂಕ ಬರೀ 18. ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ಗಾಳಿ ಭಾರ ಅನಿಸುತ್ತದೆ, ಅಲ್ವಾ? ಲೆಕ್ಕದಲ್ಲಿ ಅದು ಹಗುರ. 30 ಡಿಗ್ರಿಯಲ್ಲಿ ನೀರಾವಿ ತುಂಬಿಕೊಂಡ ಗಾಳಿ, ಸುಮಾರು 35 ಡಿಗ್ರಿಯ ಒಣಗಾಳಿಯಷ್ಟೇ ಹಗುರ. ಇಲ್ಲಿ ಬಿಸಿಯೂ ತೇವವೂ ಒಂದೇ ಕಡೆ ತಳ್ಳುತ್ತವೆ. ಕೂಲರ್‌ನಿಂದ ಬರುವ ಗಾಳಿಯಲ್ಲಿ ಹಾಗಲ್ಲ: ತೇವ ಮೇಲಕ್ಕೆ ಎಳೆಯುತ್ತದೆ, ತಂಪು ಕೆಳಕ್ಕೆ. 35 ಡಿಗ್ರಿಯ ಒಣಗಾಳಿ ಒದ್ದೆಯಾಗಿ 20ಕ್ಕೆ ಇಳಿದರೆ, ತಂಪಿನಿಂದ ಶೇ. 5ರಷ್ಟು ಭಾರ ಕೂಡುತ್ತದೆ, ತೇವದಿಂದ ಶೇ. 1 ಕೂಡ ಕಳೆಯುವುದಿಲ್ಲ. ತಂಪೇ ಗೆಲ್ಲುತ್ತದೆ.

ಈಗ ಶನಿಗ್ರಹಕ್ಕೆ ಹೋಗಿ. ಅಲ್ಲಿನ ಗಾಳಿ ಹೈಡ್ರೋಜನ್ ಮತ್ತು ಹೀಲಿಯಂ. ಅದರ ಮುಂದೆ ನೀರಾವಿಯೇ ಭಾರ! ಹಾಗಾಗಿ ಕೆಳಗಿನ ತೇವದ ಪದರ ಬಿಸಿ ಇದ್ದರೂ ಏರಲಾರದೆ ಕೂತುಬಿಡುತ್ತದೆ. ಮೇಲಿನ ಪದರ ವರ್ಷಗಟ್ಟಲೆ ತಣಿಯುತ್ತಾ ಭಾರವಾಗುತ್ತದೆ. ಕೊನೆಗೆ ಅದು ಕೆಳಗಿನದಕ್ಕಿಂತ ಭಾರವಾದಾಗ ಎಲ್ಲ ಒಮ್ಮೆಗೇ ಬುಗ್ಗೆಂದು ಏಳುತ್ತದೆ. 1933, 1960, 1990, 2010ರಲ್ಲಿ ಶನಿಯ ಮೇಲೆ ಕಂಡ ದೊಡ್ಡ ಬಿಳಿ ಬಿರುಗಾಳಿಗಳ ನಡುವೆ ಅಷ್ಟೊಂದು ಅಂತರ ಇರುವುದಕ್ಕೆ ಗ್ರಹವಿಜ್ಞಾನಿಗಳಾದ ಆಂಡ್ರ್ಯೂ ಇಂಗರ್‌ಸಾಲ್ ಮತ್ತು ಚೆಂಗ್ ಲೀ 2015ರಲ್ಲಿ ಕೊಟ್ಟ ವಿವರಣೆ ಇದೇ.